ಮೂವತ್ತನಾಲ್ಕು ಸಾವಿರ ಜನರ ದೇಶಕ್ಕೆ ಮೂರು ಪದಕ ಬಂದದ್ದು ಹೇಗೆ?

ಪ್ರಶ್ನೆ: ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ದೀಪಕ್ ಪೂನಿಯಾ ಕಂಚಿನ ಪದಕದ ಕುಸ್ತಿಯಲ್ಲಿ ಸೋತದ್ದು ಸ್ಯಾನ್ ಮರಿನೊ ದೇಶದ ಸ್ಪರ್ಧಿಗೆ. ಆ ದೇಶದ ಜನಸಂಖ್ಯೆ ನಮ್ಮಲ್ಲಿನ ಒಂದು ಹೋಬಳಿಯಷ್ಟು. ಆ ಕೂಟದಲ್ಲಿ ಅವರಿಗೆ ಮೂರು ಪದಕ, 140 ಕೋಟಿ ಜನರಿರುವ ನಮಗೆ ಏಳು. ಇದು ನಾಚಿಕೆಪಡಬೇಕಾದ ವಿಷಯವಲ್ಲವೇ? ಆ ಕುಸ್ತಿಪಟು ಬೆಳೆದದ್ದು ಅಮೆರಿಕದಲ್ಲಿ ಎಂದೂ ಕೇಳಿದ್ದೇನೆ. ಅದು ನ್ಯಾಯವೇ? ಇಷ್ಟು ಸಣ್ಣ ದೇಶಗಳು ಪ್ರತ್ಯೇಕ ತಂಡ ಕಳಿಸಲು ಯಾವ ನಿಯಮ ಅವಕಾಶ ಕೊಡುತ್ತದೆ? ಖರ್ಚು ಯಾರದು? ಕೊನೆಯವರಾಗಿ ಓಡಿ ಮುಗಿಸುವ ಸ್ಪರ್ಧಿಗಳನ್ನು ಏಕೆ ಸೇರಿಸಿಕೊಳ್ಳುತ್ತಾರೆ?

ಉತ್ತರ: ತಾವು ಪ್ರಸ್ತಾಪಿಸಿರುವ ಕುಸ್ತಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ತಮ್ಮ ಉಳಿದ ಪ್ರಶ್ನೆಗಳಲ್ಲಿ ಬಹುಪಾಲಿಗೆ ಉತ್ತರ ಅದರಲ್ಲಿಯೇ ಇದೆ. 2021ರ ಆಗಸ್ಟ್ 5ರಂದು ಪುರುಷರ 86 ಕೆ.ಜಿ. ಫ್ರೀಸ್ಟೈಲ್ ವಿಭಾಗದ ಕಂಚಿನ ಪಂದ್ಯದಲ್ಲಿ ದೀಪಕ್ ಕೊನೆಯ ಹತ್ತು ಸೆಕೆಂಡುಗಳವರೆಗೂ ಮುಂದಿದ್ದರು. ಆಗ ಸ್ಯಾನ್ ಮರಿನೊದ ಮೈಲ್ಸ್ ಅಮೀನ್ ದೀಪಕ್ ಅವರ ಕಾಲು ಹಿಡಿದು ಕೆಡವಿದರು, ಪಂದ್ಯ 2-4ರಲ್ಲಿ ಕೈತಪ್ಪಿತು. ಮರುದಿನ 140 ಕೋಟಿ ಜನರ ದೇಶ 34 ಸಾವಿರ ಜನರ ದೇಶಕ್ಕೆ ಸೋತಿತು ಎಂಬ ಧಾಟಿಯ ಮಾತು ಎಲ್ಲೆಡೆ ಕೇಳಿಬಂತು. ಆದರೆ ಆ ಅಖಾಡದಲ್ಲಿ ನಿಜವಾಗಿ ಎದುರುಬದುರಾದವರು ಯಾರು ಎಂದು ನೋಡಬೇಕು. ದೀಪಕ್ ಹರಿಯಾಣದ ಝಜ್ಜರ್ ಜಿಲ್ಲೆಯವರು, ಹುಡುಗರು ನಡೆಯಲು ಕಲಿತ ಕೆಲವೇ ವರ್ಷಗಳಲ್ಲಿ ಅಖಾಡದ ಮಣ್ಣಿಗೆ ಇಳಿಯುವ ಸೀಮೆಯಲ್ಲಿ ಬೆಳೆದವರು. ಅಮೀನ್ ಅಮೆರಿಕದ ಮಿಷಿಗನ್ ರಾಜ್ಯದವರು, ಮಿಷಿಗನ್ ವಿಶ್ವವಿದ್ಯಾಲಯದ ತಂಡದಲ್ಲಿ ಕುಸ್ತಿಯಾಡಿದವರು. ತಾಯಿಯ ಕಡೆಯ ಹಿರಿಯರಿಂದ ಅವರಿಗೆ ಸ್ಯಾನ್ ಮರಿನೊ ಪೌರತ್ವ ದೊರೆತಿತ್ತು. ಅಂದರೆ ಹರಿಯಾಣದ ಅಖಾಡಗಳ ಪರಂಪರೆಗೂ ಅಮೆರಿಕದ ಕಾಲೇಜು ಕುಸ್ತಿಯ ಪರಂಪರೆಗೂ ಅಂದು ಪಂದ್ಯ ನಡೆಯಿತು, ಎರಡೂ ಬಲಿಷ್ಠವಾದವು, ಸರಿಸುಮಾರು ಸಮಬಲದವು. ಬೆನ್ನ ಮೇಲಿನ ಧ್ವಜಗಳ ಹಿಂದೆ ಎಷ್ಟು ಜನರಿದ್ದರು ಎಂಬ ಲೆಕ್ಕಕ್ಕೂ ಆ ಹತ್ತು ಸೆಕೆಂಡುಗಳಿಗೂ ಸಂಬಂಧ ತೀರ ಕಡಿಮೆ.

ಇದಕ್ಕೆ ಇನ್ನೊಂದು ಎಳೆಯೂ ಇದೆ. ಅದೇ ಕೂಟದಲ್ಲಿ ದೀಪಕ್ ಸೆಮಿಫೈನಲ್‌ನಲ್ಲಿ ಸೋತದ್ದು ಅಮೆರಿಕದ ಡೇವಿಡ್ ಟೇಲರ್ ಅವರಿಗೆ. ಅಮೀನ್ ಕ್ವಾರ್ಟರ್‌ಫೈನಲ್‌ನಲ್ಲಿ ಸೋತದ್ದೂ ಟೇಲರ್ ಅವರಿಗೇ. ಟೇಲರ್ ಚಿನ್ನ ಗೆದ್ದರು. ಒಲಿಂಪಿಕ್ ಕುಸ್ತಿಯಲ್ಲಿ ಒಂದು ತೂಕದ ವಿಭಾಗಕ್ಕೆ ಒಂದು ದೇಶದಿಂದ ಒಬ್ಬರಿಗೆ ಮಾತ್ರ ಪ್ರವೇಶ. ಅಮೆರಿಕದಲ್ಲಿ ಆ ತೂಕದಲ್ಲಿ ವಿಶ್ವಮಟ್ಟದ ಐದಾರು ಮಂದಿ ಇದ್ದರೂ ಟೋಕಿಯೊಗೆ ಹೋಗಬಹುದಾಗಿದ್ದವರು ಟೇಲರ್ ಒಬ್ಬರೇ. ಅಮೀನ್ ಅವರಂಥವರಿಗೆ ಅಮೆರಿಕದ ಅಂಗಿ ತೊಡುವ ದಾರಿ ಬಹುಮಟ್ಟಿಗೆ ಮುಚ್ಚಿತ್ತು, ಮುತ್ತಜ್ಜನ ಊರಿನ ದಾರಿ ತೆರೆದಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಕೆಲಸ ಅರಸಿ ಸ್ಯಾನ್ ಮರಿನೊದಿಂದ ಡೆಟ್ರಾಯಿಟ್ ಸುತ್ತಮುತ್ತಲಿಗೆ ವಲಸೆ ಹೋದ ಕುಟುಂಬಗಳು ಬಹಳ. ಅಮೀನ್ ಅವರ ಪೌರತ್ವದ ಬೇರು ಆ ಚರಿತ್ರೆಯಲ್ಲಿದೆಯೇ ಹೊರತು ಹಣ ಕೊಟ್ಟು ಆಟಗಾರರನ್ನು ಕೊಂಡುತಂದ ವ್ಯವಹಾರದಲ್ಲಿಲ್ಲ. ಎರಡು ದೇಶಗಳ ಪೌರತ್ವವುಳ್ಳವರು ತಮಗೆ ಬೇಕಾದ ದೇಶವನ್ನು ಆರಿಸಿಕೊಳ್ಳಲು ಒಲಿಂಪಿಕ್ ಸನ್ನದು ಅವಕಾಶ ಕೊಡುತ್ತದೆ. ಒಮ್ಮೆ ಒಂದು ದೇಶವನ್ನು ಪ್ರತಿನಿಧಿಸಿ ಬಳಿಕ ಬದಲಾಯಿಸುವವರು ಸಾಮಾನ್ಯವಾಗಿ ಮೂರು ವರ್ಷ ಕಾಯಬೇಕು, ಸಂಬಂಧಪಟ್ಟವರೆಲ್ಲ ಒಪ್ಪಿದರೆ ಆ ಅವಧಿಯನ್ನು ಇಳಿಸಬಹುದು. ಈ ನಿಯಮವನ್ನು ದುರುಪಯೋಗ ಮಾಡಿಕೊಂಡ ಶ್ರೀಮಂತ ದೇಶಗಳಿವೆ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಆ ಆಕ್ಷೇಪ ಅಮೀನ್ ಅವರಿಗೆ ತಗಲುವುದಿಲ್ಲ.

ಇನ್ನು ತಲಾ ಜನಸಂಖ್ಯೆಯ ಲೆಕ್ಕ. ಪ್ರತಿ ಒಲಿಂಪಿಕ್ಸ್ ಮುಗಿದಾಗಲೂ ಪದಕಗಳನ್ನು ಜನಸಂಖ್ಯೆಯಿಂದ ಭಾಗಿಸಿದ ಪಟ್ಟಿಯೊಂದು ಹೊರಬರುತ್ತದೆ, ಅದರ ನೆತ್ತಿಯಲ್ಲಿ ಒಂದು ಪುಟ್ಟ ದೇಶ, ತಳದಲ್ಲಿ ಭಾರತ. ಟೋಕಿಯೊದಲ್ಲಿ ಸ್ಯಾನ್ ಮರಿನೊಗೆ ಸುಮಾರು 11 ಸಾವಿರ ಜನರಿಗೊಂದು ಪದಕ ಬಂತು. ಅದೇ ದರದಲ್ಲಿ ಭಾರತ ಗೆಲ್ಲಬೇಕಾಗಿದ್ದ ಪದಕಗಳು 1 ಲಕ್ಷ 20 ಸಾವಿರಕ್ಕೂ ಹೆಚ್ಚು. ಟೋಕಿಯೊದಲ್ಲಿ ಎಲ್ಲ ದೇಶಗಳಿಗೂ ಸೇರಿ ಹಂಚಿದ ಪದಕಗಳು 1,080. ಈ ಹೋಲಿಕೆ ಎಷ್ಟು ದೂರ ನಡೆಯಬಲ್ಲದು ಎಂಬುದಕ್ಕೆ ಈ ಎರಡು ಸಂಖ್ಯೆಗಳು ಸಾಕು. ಜನಸಂಖ್ಯೆ ಹೆಚ್ಚಿದಂತೆ ಪ್ರವೇಶಗಳು ಹೆಚ್ಚುವುದಿಲ್ಲ. ಅಥ್ಲೆಟಿಕ್ಸ್‌ನ ಒಂದು ವೈಯಕ್ತಿಕ ಸ್ಪರ್ಧೆಗೆ ಒಂದು ದೇಶದಿಂದ ಗರಿಷ್ಠ ಮೂವರು, ಕುಸ್ತಿಯಲ್ಲಿ ಒಬ್ಬರು, ಹಾಕಿಯಲ್ಲಿ ಒಂದು ತಂಡ. ಚೀನಾಕ್ಕೂ ಅಷ್ಟೇ, ನಮಗೂ ಅಷ್ಟೇ.

ಅದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ, ಅದನ್ನು ಪತ್ರಿಕೆಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ತಲಾ ಪಟ್ಟಿಯ ನೆತ್ತಿಯಲ್ಲಿ ಪುಟ್ಟ ದೇಶವೇ ಇರುತ್ತದೆ ನಿಜ, ಆದರೆ ಯಾವಾಗಲೂ ಅದೇ ದೇಶವಲ್ಲ. ಪದಕವೇ ಇಲ್ಲದ ದೇಶಗಳ ಉದ್ದನೆಯ ಸಾಲಿನಲ್ಲಿರುವವೂ ಬಹುಪಾಲು ಪುಟ್ಟ ದೇಶಗಳೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇನ್ನೂರಕ್ಕೂ ಹೆಚ್ಚು ತಂಡಗಳಿದ್ದವು, ಅರ್ಧಕ್ಕಿಂತ ಹೆಚ್ಚಿನವು ಬರಿಗೈಯಲ್ಲಿ ಮರಳಿದವು. ಒಂದು ಪದಕ ಬಂದರೆ ಏಣಿಯ ತುದಿ, ಬಾರದಿದ್ದರೆ ತಳ, ನಡುವೆ ಮೆಟ್ಟಿಲೇ ಇಲ್ಲ ಎಂಬುದು ಅವರ ಸ್ಥಿತಿ. ಸ್ಯಾನ್ ಮರಿನೊದ ಚರಿತ್ರೆಯನ್ನೇ ನೋಡಿ. ಆ ದೇಶ ಮೊದಲು ಸ್ಪರ್ಧಿಸಿದ್ದು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ. ಆಮೇಲೆ 61 ವರ್ಷ ಒಂದೂ ಪದಕವಿಲ್ಲ. 2012ರ ಲಂಡನ್‌ನಲ್ಲಿ ಮಹಿಳೆಯರ ಟ್ರ್ಯಾಪ್ ಶೂಟಿಂಗ್‌ನ ಎರಡನೆಯ ಸ್ಥಾನಕ್ಕೆ ಮೂವರು ಸಮ ಅಂಕ ಗಳಿಸಿದ್ದರು, ಅವರಲ್ಲಿ ಅಲೆಸ್ಸಾಂಡ್ರಾ ಪೆರಿಲ್ಲಿ ಒಬ್ಬರು. ಎರಡು ಪದಕಗಳಿಗಾಗಿ ಮೂವರ ನಡುವೆ ಶೂಟ್‌ಆಫ್ ನಡೆದಾಗ ಬರಿಗೈಯಲ್ಲಿ ಉಳಿದವರು ಪೆರಿಲ್ಲಿ. ಒಂಬತ್ತು ವರ್ಷಗಳ ಬಳಿಕ, 2021ರ ಜುಲೈ 29ರಂದು, ಅವರೇ ಕಂಚು ಗೆದ್ದು ದೇಶಕ್ಕೆ ಮೊದಲ ಪದಕ ತಂದರು. ಎರಡು ದಿನಗಳಲ್ಲಿ ಮಿಶ್ರ ತಂಡ ಟ್ರ್ಯಾಪ್‌ನಲ್ಲಿ ಜಾನ್ ಮಾರ್ಕೊ ಬೆರ್ತಿ ಜೊತೆಗೂಡಿ ಬೆಳ್ಳಿ; ಸ್ಪೇನ್ ಎದುರು ಚಿನ್ನ ತಪ್ಪಿದ್ದು 41-40ರ ಅಂತರದಲ್ಲಿ. ಅದಾದ ಐದು ದಿನಕ್ಕೆ ಅಮೀನ್ ಕಂಚು. ಐವರ ತಂಡದಲ್ಲಿ ಮೂವರ ಕೊರಳಿಗೆ ಪದಕ. ಮೂರು ವರ್ಷಗಳ ಬಳಿಕ ಪ್ಯಾರಿಸ್‌ಗೂ ಐವರೇ ಹೋದರು. ಅಮೀನ್ ಕಂಚಿನ ಪಂದ್ಯದವರೆಗೆ ಬಂದು ಸೋತರು, ದೇಶಕ್ಕೆ ಒಂದೂ ಪದಕವಿಲ್ಲ. ಆ ನಡುವೆ ಸ್ಯಾನ್ ಮರಿನೊದ ಜನಸಂಖ್ಯೆಯಾಗಲೀ ಶ್ರಮವಾಗಲೀ ಕುಸಿದಿರಲಿಲ್ಲ. ಇಷ್ಟು ಕಡಿಮೆ ಸ್ಪರ್ಧಿಗಳಿರುವಾಗ ಫಲಿತಾಂಶ ಹೀಗೆ ಏರಿಳಿಯುವುದು ಸಹಜ.

ಹಾಗೆಂದು ಎಲ್ಲವೂ ಅದೃಷ್ಟ ಎಂದು ಹೇಳುತ್ತಿಲ್ಲ. ಸ್ಯಾನ್ ಮರಿನೊ ಟ್ರ್ಯಾಪ್ ಶೂಟಿಂಗ್ ಹಿಡಿದದ್ದರಲ್ಲಿ ವಿವೇಕವಿದೆ. ಸುಮಾರು 11 ಸೆಂ.ಮೀ. ಅಗಲದ ಮಣ್ಣಿನ ಬಿಲ್ಲೆ ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ದೂರ ಹಾರುತ್ತಿರುವಾಗ ಅದನ್ನು ಒಡೆಯುವ ಈ ಆಟಕ್ಕೆ ಎತ್ತರ, ತೂಕ, ಹದಿಹರೆಯದ ಚುರುಕು ಇವು ನಿರ್ಣಾಯಕವಲ್ಲ. ಮೂವತ್ತು ದಾಟಿದ ಮೇಲೂ ಉತ್ತುಂಗದಲ್ಲಿರಬಹುದು. ಪೆರಿಲ್ಲಿ ಟೋಕಿಯೊದಲ್ಲಿ ಗೆದ್ದಾಗ ಅವರಿಗೆ 33 ವರ್ಷ. ಆದ್ದರಿಂದ ಒಬ್ಬ ಪ್ರತಿಭಾವಂತೆಯ ಮೇಲೆ ಹೂಡಿದ ಶ್ರಮ ಮೂರು ನಾಲ್ಕು ಒಲಿಂಪಿಕ್ಸ್‌ಗಳವರೆಗೆ ಫಲ ಕೊಡಬಲ್ಲದು, ಪ್ರತಿ ತಲೆಮಾರಿಗೂ ಹೊಸ ಪ್ರತಿಭೆ ಸಿಗುವ ಭರವಸೆಯಿಲ್ಲದ ಪುಟ್ಟ ದೇಶಕ್ಕೆ ಇದು ದೊಡ್ಡ ಅನುಕೂಲ. ಸುತ್ತಲೂ ಇರುವುದು ಇಟಲಿ, ಈ ಆಟದ ಹಳೆಯ ತವರುಗಳಲ್ಲೊಂದು; ಬಂದೂಕು ತಯಾರಕರು, ತರಬೇತುದಾರರು, ಎದುರಾಳಿಗಳು ಎಲ್ಲರೂ ರಸ್ತೆಯ ದೂರದಲ್ಲಿದ್ದಾರೆ. ಪೆರಿಲ್ಲಿ ಹುಟ್ಟಿದ್ದೇ ಗಡಿಯಾಚೆಯ ರಿಮಿನಿಯಲ್ಲಿ. ಹನ್ನೊಂದು ಜನ ಬೇಕಾಗುವ ಫುಟ್‌ಬಾಲ್‌ನಲ್ಲಿ ಇದೇ ದೇಶದ ಗತಿ ಏನಾಗಿದೆ ಎಂಬುದು ಫುಟ್‌ಬಾಲ್ ಪ್ರಿಯರಿಗೆ ಗೊತ್ತು: ಅಧಿಕೃತ ಸ್ಪರ್ಧಾತ್ಮಕ ಪಂದ್ಯವೊಂದರಲ್ಲಿ ಮೊದಲ ಗೆಲುವಿಗೆ ಅದು 2024ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು, ಆ ಗೆಲುವೂ ಬಂದದ್ದು ತನ್ನಷ್ಟೇ ಪುಟ್ಟದಾದ ಲಿಖ್ಟನ್‌ಸ್ಟೈನ್ ಮೇಲೆ.

ದೊಡ್ಡ ಕೂಟಕ್ಕೆ ಮುನ್ನ ಗೆಲುವಿನ ರುಚಿ ಸಿಗುವ ಮಧ್ಯಂತರ ಕೂಟಗಳೂ ಇಂಥ ದೇಶಗಳಿಗೆ ಬೇಕು. ಯುರೋಪಿನ ಸಣ್ಣ ರಾಷ್ಟ್ರಗಳ ಕ್ರೀಡಾಕೂಟ 1985ರಲ್ಲಿ ಸ್ಯಾನ್ ಮರಿನೊದಲ್ಲಿಯೇ ಆರಂಭವಾಯಿತು. ಎರಡು ವರ್ಷಕ್ಕೊಮ್ಮೆ ನಡೆಯುವ ಇದರಲ್ಲಿ ಈಗ ಅಂಡೋರಾ, ಸೈಪ್ರಸ್, ಐಸ್‌ಲ್ಯಾಂಡ್, ಲಿಖ್ಟನ್‌ಸ್ಟೈನ್, ಲಕ್ಸೆಂಬರ್ಗ್, ಮಾಲ್ಟಾ, ಮೊನಾಕೊ, ಮಾಂಟೆನೆಗ್ರೊ ಮತ್ತು ಸ್ಯಾನ್ ಮರಿನೊ ಎಂಬ ಒಂಬತ್ತು ದೇಶಗಳಿವೆ. ಜರ್ಮನಿ, ಫ್ರಾನ್ಸ್‌ಗಳ ಎದುರು ಯಾವಾಗಲೂ ಮೊದಲ ಸುತ್ತಿನಲ್ಲೇ ಹೊರಬೀಳುವ ಹುಡುಗನಿಗೆ ಇಲ್ಲಿ ಫೈನಲ್ ಆಡುವ, ರಾಷ್ಟ್ರಗೀತೆ ಕೇಳುವ ಅವಕಾಶವಿದೆ. ಕೆರಿಬಿಯನ್‌ನಲ್ಲಿ ಈ ಕೆಲಸವನ್ನು ಕ್ಯಾರಿಫ್ಟಾ ಕೂಟ ಮಾಡುತ್ತಿದೆ, ಇನ್ನೂ ಚೆನ್ನಾಗಿಯೇ ಮಾಡುತ್ತಿದೆ ಎನ್ನಬೇಕು. 1972ರಿಂದ ನಡೆಯುತ್ತಿರುವ ಈ ಕಿರಿಯರ ಅಥ್ಲೆಟಿಕ್ಸ್ ಕೂಟ ಈಸ್ಟರ್ ಹಬ್ಬದ ವೇಳೆಗೆ ಬರುತ್ತದೆ. ಚಿಕ್ಕ ಚಿಕ್ಕ ದ್ವೀಪಗಳ ಹದಿನೈದು ಹದಿನಾರು ವಯಸ್ಸಿನ ಮಕ್ಕಳು ಜಮೈಕಾದ ಸಮವಯಸ್ಕರ ಪಕ್ಕದಲ್ಲಿ ಓಡುತ್ತಾರೆ, ಅಮೆರಿಕದ ವಿಶ್ವವಿದ್ಯಾಲಯಗಳ ತರಬೇತುದಾರರು ಆ ಕೂಟದ ಮೇಲೆ ಕಣ್ಣಿಟ್ಟಿರುತ್ತಾರೆ.

2024ರ ಆಗಸ್ಟ್ 3ರ ಸಂಜೆ ಪ್ಯಾರಿಸ್‌ನಲ್ಲಿ ಇದರ ಫಲ ಕಂಡಿತು. ಸುಮಾರು 70 ಸಾವಿರ ಜನರ ಡೊಮಿನಿಕಾದ ಥಿಯಾ ಲಾಫೊಂಡ್ ಟ್ರಿಪಲ್ ಜಂಪ್‌ನಲ್ಲಿ 15.02 ಮೀಟರ್ ಜಿಗಿದು ಚಿನ್ನ ಗೆದ್ದರು. ಅದೇ ಮೈದಾನದಲ್ಲಿ ಅದೇ ಸಂಜೆ ಸೇಂಟ್ ಲೂಸಿಯಾದ ಜೂಲಿಯನ್ ಆಲ್ಫ್ರೆಡ್ 100 ಮೀಟರ್ ಓಟವನ್ನು 10.72 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಗೆದ್ದರು. ಎರಡೂ ದೇಶಗಳಿಗೆ ಅವು ಮೊದಲ ಒಲಿಂಪಿಕ್ ಪದಕಗಳು. ಲಾಫೊಂಡ್ ಬೆಳೆದದ್ದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ. ಆಲ್ಫ್ರೆಡ್ ಹದಿನಾಲ್ಕನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಜಮೈಕಾಕ್ಕೆ ಹೋದರು, ಅಲ್ಲಿಂದ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ. ಗ್ರೆನಡಾಕ್ಕೆ 2012ರಲ್ಲಿ 400 ಮೀಟರ್ ಓಟದ ಚಿನ್ನ ತಂದ ಕಿರಾನಿ ಜೇಮ್ಸ್ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಓದಿದವರು. ಟೋಕಿಯೊದಲ್ಲಿ ಟ್ರಯಥ್ಲಾನ್ ಚಿನ್ನ ಗೆದ್ದ ಬರ್ಮುಡಾದ ಫ್ಲೋರಾ ಡಫಿ ಕೊಲೊರಾಡೊದಲ್ಲಿ ಓದಿದವರು. ಈ ಪದಕಗಳ ಹಿಂದೆ ಪುಟ್ಟ ದೇಶದ ಶಾಲೆ, ಊರಿನ ಮೊದಲ ಗುರು ಇದ್ದಂತೆಯೇ ದೊಡ್ಡ ದೇಶದ ವಿದ್ಯಾರ್ಥಿವೇತನ, ಟ್ರ್ಯಾಕ್, ವೈದ್ಯರು ಕೂಡ ಇದ್ದಾರೆ. ಸೇಂಟ್ ಲೂಸಿಯಾದ ಪ್ರಮುಖ ಕ್ರೀಡಾಂಗಣ 2009ರಲ್ಲಿ ಆಸ್ಪತ್ರೆಯೊಂದಕ್ಕೆ ಬೆಂಕಿ ಬಿದ್ದ ಬಳಿಕ ಆಸ್ಪತ್ರೆಯಾಗಿ ಪರಿವರ್ತನೆಯಾಗಿತ್ತು. ಚಿನ್ನ ಗೆದ್ದ ಮೇಲೆ ಆಲ್ಫ್ರೆಡ್ ತಮ್ಮ ದೇಶದಲ್ಲಿ ಹೊಸ ಕ್ರೀಡಾಂಗಣವೊಂದು ಏಳಲಿ ಎಂದು ಆಶಿಸಿದ್ದು ಸುಮ್ಮನೆ ಅಲ್ಲ.

ಭಾರತೀಯರಿಗೆ ಇನ್ನೂ ಹತ್ತಿರದ ಉದಾಹರಣೆ ಜಾವೆಲಿನ್‌ನದು. ಪ್ಯಾರಿಸ್‌ನಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್, ನೀರಜ್ ಚೋಪ್ರಾ 89.45 ಮೀಟರ್ ಎಸೆದಾಗ ಕಂಚು ಪಡೆದವರು 88.54 ಮೀಟರ್ ಎಸೆದ ಗ್ರೆನಡಾದ ಆಂಡರ್ಸನ್ ಪೀಟರ್ಸ್. 2022ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನೀರಜ್ ಬೆಳ್ಳಿಗೆ ತೃಪ್ತಿಪಟ್ಟದ್ದು ಇದೇ ಪೀಟರ್ಸ್ ಎದುರು. ಗ್ರೆನಡಾದ ಜನಸಂಖ್ಯೆ ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಆದರೂ 2012ರಿಂದ ನಾಲ್ಕೂ ಒಲಿಂಪಿಕ್ಸ್‌ಗಳಲ್ಲಿ ಅದು ಪದಕ ಗೆದ್ದಿದೆ. ಸ್ಯಾನ್ ಮರಿನೊದ ಏರಿಳಿತಕ್ಕೆ ಹೋಲಿಸಿದರೆ ಇದು ಬೇರೆಯೇ ಮಾತು. ಒಂದೇ ಕ್ರೀಡೆಯನ್ನು ಹಿಡಿದು, ಅದರ ಪ್ರಾದೇಶಿಕ ವ್ಯವಸ್ಥೆಯ ಬಲ ಪಡೆದ ದೇಶ ಯಾವ ಮಟ್ಟಕ್ಕೆ ಸ್ಥಿರವಾಗಿ ನಿಲ್ಲಬಹುದು ಎಂಬುದನ್ನು ನೋಡಬೇಕೆನ್ನುವವರಿಗೆ ನಾನು ಸೂಚಿಸುವುದು ಗ್ರೆನಡಾವನ್ನು.

ಕೇವಲ ಪರಂಪರೆಯಿದ್ದರೆ ಸಾಲದು ಎಂಬುದಕ್ಕೆ ನಮ್ಮ ನೆರೆಯ ಭೂತಾನವೇ ಸಾಕ್ಷಿ. ಬಿಲ್ಲುಗಾರಿಕೆ ಅಲ್ಲಿನ ರಾಷ್ಟ್ರೀಯ ಕ್ರೀಡೆ. ಸಾಂಪ್ರದಾಯಿಕ ಪಂದ್ಯದಲ್ಲಿ ಗುರಿ ಇರುವುದು ಸುಮಾರು 145 ಮೀಟರ್ ಆಚೆ. 1984ರಲ್ಲಿ ಲಾಸ್ ಏಂಜಲೀಸ್‌ಗೆ ಮೊದಲ ಸಲ ಹೋದಾಗಿನಿಂದ 2008ರವರೆಗೆ ಭೂತಾನ ಕಳಿಸಿದ್ದು ಬಿಲ್ಲುಗಾರರನ್ನು ಮಾತ್ರ. ಆದರೆ ಒಲಿಂಪಿಕ್ ಬಿಲ್ಲು ಬೇರೆ, ದೂರ 70 ಮೀಟರ್, ಗಾಳಿಯ ಲೆಕ್ಕ, ಉಸಿರಿನ ಲೆಕ್ಕ, ಎದುರಾಳಿಯ ಜೊತೆಗಿನ ಸೆಟ್‌ಗಳ ಲೆಕ್ಕ ಎಲ್ಲವೂ ಬೇರೆ. ಟೋಕಿಯೊಗೆ ಕರ್ಮಾ ಎಂಬ ಬಿಲ್ಲುಗಾರ್ತಿ ತಮ್ಮ ಅರ್ಹತೆಯಿಂದಲೇ ಸ್ಥಾನ ಗಳಿಸಿ ಹೋದದ್ದು ಆ ದೇಶಕ್ಕೆ ಮೊದಲ ಅನುಭವ. ಮೊದಲ ಸುತ್ತಿನಲ್ಲಿ ಅವರಿಗೆ ಎದುರಾದವರು ನಮ್ಮ ದೀಪಿಕಾ ಕುಮಾರಿ, ಫಲಿತಾಂಶ 6-0. ಕರ್ನಾಟಕದವರು ಇಲ್ಲಿ ಕೊಡಗನ್ನು ನೆನೆಯಬಹುದು. 2011ರ ಜನಗಣತಿಯಂತೆ 5.54 ಲಕ್ಷ ಜನರಿರುವ ಆ ಜಿಲ್ಲೆ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರಂಥ ಹಾಕಿ ಒಲಿಂಪಿಯನ್‌ಗಳನ್ನು ಕೊಟ್ಟಿತು. ಅಲ್ಲಿ ಊರಿನ ಪರಂಪರೆಯ ಆಟವೂ ಒಲಿಂಪಿಕ್ಸ್‌ನ ಆಟವೂ ಒಂದೇ ಆಗಿದ್ದವು, ಸೇನೆಯ ನಂಟು ಜೊತೆಗಿತ್ತು, 1997ರಿಂದ ನಡೆದುಬಂದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಅಜ್ಜ ಮೊಮ್ಮಗ ಒಂದೇ ತಂಡದಲ್ಲಿ ಆಡುತ್ತಾರೆ. ಕೊಡಗು ಪ್ರತ್ಯೇಕ ದೇಶವಾಗಿದ್ದರೆ ತಲಾ ಪಟ್ಟಿಯಲ್ಲಿ ಎಲ್ಲಿರುತ್ತಿತ್ತು ಎಂದು ಊಹಿಸುವುದು ಮೋಜಿನ ಸಂಗತಿಯೇ ಸರಿ, ಆದರೆ ಹಾಕಿಗೆ ಗೋಲ್‌ಕೀಪರ್‌ನಿಂದ ಫಾರ್ವರ್ಡ್‌ವರೆಗೆ ಪೂರ್ತಿ ತಂಡ ಬೇಕು, ಅಲ್ಲಿಯೇ ಆ ಊಹೆ ನಿಲ್ಲುತ್ತದೆ.

ಪ್ರತ್ಯೇಕ ತಂಡದ ವಿಷಯಕ್ಕೆ ಬರೋಣ. ಒಲಿಂಪಿಕ್ಸ್‌ಗೆ ತಂಡ ಕಳಿಸುವುದು ಸರ್ಕಾರವಲ್ಲ, ರಾಷ್ಟ್ರೀಯ ಒಲಿಂಪಿಕ್ ಸಮಿತಿ. ಅಂಥ ಸಮಿತಿಗೆ ಮಾನ್ಯತೆ ಸಿಗಬೇಕಾದರೆ ಒಲಿಂಪಿಕ್ ಕ್ರೀಡೆಗಳ ಅಂತರರಾಷ್ಟ್ರೀಯ ಒಕ್ಕೂಟಗಳಿಗೆ ಸೇರಿದ ಕನಿಷ್ಠ ಐದು ರಾಷ್ಟ್ರೀಯ ಒಕ್ಕೂಟಗಳು ದೇಶದಲ್ಲಿರಬೇಕು. ಹತ್ತು ಹನ್ನೊಂದು ಸಾವಿರ ಜನರ ದ್ವೀಪದಲ್ಲಿ ಐದು ಕ್ರೀಡಾ ಒಕ್ಕೂಟಗಳನ್ನು ಕಟ್ಟಿ ನಡೆಸುವುದು ಹೇಳಿದಷ್ಟು ಸುಲಭವಲ್ಲ. ಅಂಥದೊಂದು ದ್ವೀಪರಾಷ್ಟ್ರವಾದ ತುವಾಲುಗೆ ಮಾನ್ಯತೆ ಸಿಕ್ಕಿದ್ದು 2007ರಲ್ಲಿ, ಅದು ಸ್ವತಂತ್ರವಾಗಿ ಮೂರು ದಶಕ ತುಂಬುತ್ತ ಬಂದಾಗ. 1996ರ ತಿದ್ದುಪಡಿಯ ಬಳಿಕ ಅಂತರರಾಷ್ಟ್ರೀಯ ಸಮುದಾಯ ಒಪ್ಪಿದ ಸ್ವತಂತ್ರ ರಾಷ್ಟ್ರಗಳಿಗೆ ಮಾತ್ರ ಹೊಸದಾಗಿ ಮಾನ್ಯತೆ. ಅದಕ್ಕೆ ಮುಂಚೆಯೇ ಒಳಗಿದ್ದ ಬರ್ಮುಡಾ, ಗುವಾಮ್, ಪೋರ್ಟೊ ರಿಕೊ, ಹಾಂಗ್‌ಕಾಂಗ್‌ನಂಥ ಪ್ರದೇಶಗಳನ್ನು ಹೊರಹಾಕಲಿಲ್ಲ. ಆದ್ದರಿಂದಲೇ ವಿಶ್ವಸಂಸ್ಥೆಯಲ್ಲಿ 193 ಸದಸ್ಯರಿದ್ದರೆ ಒಲಿಂಪಿಕ್ ಕುಟುಂಬದಲ್ಲಿ 206 ಸಮಿತಿಗಳಿವೆ. ತಡವಾಗಿ ಬಂದ ಫ್ಯಾರೊ ದ್ವೀಪಗಳು, ಜಿಬ್ರಾಲ್ಟರ್ ಹೊರಗೇ ಉಳಿದಿವೆ. ನಮ್ಮ ರಾಜ್ಯಗಳಿಗೆ ಈ ದಾರಿ ಇಲ್ಲವೇ ಇಲ್ಲ. ಕಾಮನ್‌ವೆಲ್ತ್ ಕೂಟದಲ್ಲಿ ಸ್ಕಾಟ್ಲೆಂಡ್, ವೇಲ್ಸ್, ಜೆರ್ಸಿ ಪ್ರತ್ಯೇಕವಾಗಿ ಆಡುವುದನ್ನು ಕಂಡು ಕೆಲವರು ಗೊಂದಲಕ್ಕೀಡಾಗುತ್ತಾರೆ. ಆ ಕೂಟದ ಸದಸ್ಯತ್ವದ ಪದ್ಧತಿ ಬೇರೆ, ಒಲಿಂಪಿಕ್ಸ್‌ನಲ್ಲಿ ಸ್ಕಾಟ್ಲೆಂಡ್, ವೇಲ್ಸ್ ಕೂಡ ಬ್ರಿಟನ್ ತಂಡದ ಭಾಗ.

ಮಾನ್ಯತೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೌರು ದ್ವೀಪದ ಮಾರ್ಕಸ್ ಸ್ಟೀಫನ್ ಅವರ ಕಥೆ ನನಗೆ ಬಹಳ ಇಷ್ಟವಾದದ್ದು. ಈ ಭಾರ ಎತ್ತುವ ಪಟು 1990ರ ಆಕ್ಲೆಂಡ್ ಕಾಮನ್‌ವೆಲ್ತ್ ಕೂಟದಲ್ಲಿ ನೌರುಗೆ ಚಿನ್ನ ಗೆದ್ದರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಹೊತ್ತಿಗೆ ನೌರುಗೆ ಒಲಿಂಪಿಕ್ ಸಮಿತಿ ಇರಲಿಲ್ಲ, ಹೀಗಾಗಿ ಪಶ್ಚಿಮ ಸಮೋವದ ಪರವಾಗಿ ಸ್ಪರ್ಧಿಸಬೇಕಾಯಿತು. 1994ರಲ್ಲಿ ನೌರುಗೆ ಮಾನ್ಯತೆ ಬಂತು, 1996ರ ಅಟ್ಲಾಂಟಾದಲ್ಲಿ ಅದು ಮೊದಲ ಸಲ ಸ್ಪರ್ಧಿಸಿದಾಗ ಸ್ಟೀಫನ್ ತಮ್ಮದೇ ಧ್ವಜದಡಿ ಭಾರ ಎತ್ತಿದರು. 2007ರಿಂದ 2011ರವರೆಗೆ ಅವರು ಆ ದೇಶದ ಅಧ್ಯಕ್ಷರಾಗಿದ್ದರು. ಅವರು ಹಾಕಿಕೊಟ್ಟ ದಾರಿ ಮುಂದುವರಿಯಿತು. 2010ರಲ್ಲಿ ನಮ್ಮ ದೆಹಲಿ ಕೂಟದಲ್ಲಿಯೂ ನೌರುವಿನ ಯುಕಿಯೊ ಪೀಟರ್ ಭಾರ ಎತ್ತುವಿಕೆಯಲ್ಲಿ ಚಿನ್ನ ಗೆದ್ದರು.

ಕೊನೆಯವರಾಗಿ ಮುಗಿಸುವವರ ಬಗ್ಗೆ ತಮ್ಮ ಪ್ರಶ್ನೆಯಲ್ಲಿ ಸ್ವಲ್ಪ ಅಸಮಾಧಾನದ ಧ್ವನಿ ಇದೆ. ಯೂನಿವರ್ಸಾಲಿಟಿ ಸ್ಥಾನ ಎಂಬ ಏರ್ಪಾಡಿನಿಂದ ಅವರು ಬರುತ್ತಾರೆ. ಅರ್ಹತಾ ಮಟ್ಟ ಮುಟ್ಟಿದ ಅಥ್ಲೀಟ್ ಇಲ್ಲದ ದೇಶ ತನ್ನ ಅತ್ಯುತ್ತಮ ಓಟಗಾರ ಅಥವಾ ಓಟಗಾರ್ತಿಯನ್ನು ಕೆಲವು ನಿರ್ದಿಷ್ಟ ಸ್ಪರ್ಧೆಗಳಿಗೆ, ಹೆಚ್ಚಾಗಿ 100 ಮೀಟರ್‌ಗೆ, ಕಳಿಸಬಹುದು. ಈಜಿನಲ್ಲಿಯೂ ಒಬ್ಬ ಪುರುಷ, ಒಬ್ಬ ಮಹಿಳೆಗೆ ಇಂಥ ಅವಕಾಶವಿದೆ. ಶೂಟಿಂಗ್, ಬಿಲ್ಲುಗಾರಿಕೆ, ಜೂಡೊ ಮೊದಲಾದವುಗಳಲ್ಲಿ ಸಣ್ಣ ತಂಡಗಳಿಗೆಂದೇ ಬೆರಳೆಣಿಕೆಯ ಸ್ಥಾನಗಳನ್ನು ಮೀಸಲಿಟ್ಟಿರುತ್ತಾರೆ. ಪ್ಯಾರಿಸ್‌ಗೆ ಬೆಲೀಜ್, ಲಿಖ್ಟನ್‌ಸ್ಟೈನ್, ನೌರು, ಸೊಮಾಲಿಯಾ ತಲಾ ಒಬ್ಬರನ್ನೇ ಕಳಿಸಿದ್ದವು. ಇವರು ಬೇರೆಯವರ ಅವಕಾಶ ಕಸಿಯುತ್ತಾರೆಯೇ? 100 ಮೀಟರ್ ಓಟದಲ್ಲಿ ಅರ್ಹತಾ ಮಟ್ಟ ಮುಟ್ಟದವರಿಗೆ ಮೊದಲೇ ಒಂದು ಪೂರ್ವಭಾವಿ ಸುತ್ತು ನಡೆಯುತ್ತದೆ, ಅದನ್ನು ಗೆದ್ದವರಷ್ಟೇ ಘಟಾನುಘಟಿಗಳ ಜೊತೆ ಓಡುತ್ತಾರೆ. ಆದ್ದರಿಂದ ಅಲ್ಲಿ ನಷ್ಟ ಯಾರಿಗೂ ಇಲ್ಲ. ಒಟ್ಟು ಸ್ಪರ್ಧಿಗಳ ಸಂಖ್ಯೆಗೆ ಮಿತಿಯಿರುವ ಕಡೆ ಒಂದು ಸಣ್ಣ ಬೆಲೆ ಇದ್ದೇ ಇದೆ, ಆ ಬೆಲೆಯನ್ನು ತೆರುವುದು ಸರಿ ಎಂಬುದು ನನ್ನ ಅಭಿಪ್ರಾಯ. ಪ್ಯಾರಿಸ್‌ನ ಮಹಿಳಾ ಮ್ಯಾರಥಾನ್ ಅನ್ನು ಸಿಫಾನ್ ಹಸನ್ 2 ಗಂಟೆ 22 ನಿಮಿಷ 55 ಸೆಕೆಂಡುಗಳಲ್ಲಿ ಗೆದ್ದರು. ಭೂತಾನದ ಕಿನ್ಜಾಂಗ್ ಲಾಮೊ ಕೊನೆಯವರಾಗಿ ಮುಗಿಸಲು 3 ಗಂಟೆ 52 ನಿಮಿಷ 59 ಸೆಕೆಂಡು ತೆಗೆದುಕೊಂಡರು, ದಾರಿಯುದ್ದಕ್ಕೂ ಜನ ಅವರ ಪಕ್ಕದಲ್ಲಿ ಓಡಿ, ಸೈಕಲ್ ತುಳಿದು ಹುರಿದುಂಬಿಸಿದರು.

ಈ ಏರ್ಪಾಡನ್ನು ಹಳಿಯುವ ಮುನ್ನ ನಮ್ಮ ಮನೆಯ ಕಡೆಯೂ ನೋಡಬೇಕು. ಪ್ಯಾರಿಸ್‌ಗೆ ಹೋದ ಭಾರತದ ಇಬ್ಬರು ಈಜುಪಟುಗಳು, ಶ್ರೀಹರಿ ನಟರಾಜ್ ಮತ್ತು ಆಗ ಹದಿನಾಲ್ಕರ ಬಾಲಕಿ ಧಿನಿಧಿ ದೇಸಿಂಘು, ಇಬ್ಬರೂ ಬೆಂಗಳೂರಿನವರು, ಇಬ್ಬರೂ ಯೂನಿವರ್ಸಾಲಿಟಿ ಸ್ಥಾನದಿಂದಲೇ ಹೋದವರು. ಶ್ರೀಹರಿ ಟೋಕಿಯೊಗೆ ನೇರ ಅರ್ಹತೆಯಿಂದ ಹೋಗಿದ್ದರೆಂಬುದನ್ನೂ ಹೇಳಬೇಕು. ಈಜಿನ ಮಟ್ಟಿಗೆ ನಾವು ಪುಟ್ಟ ದೇಶಗಳ ಸಾಲಿನಲ್ಲಿಯೇ ನಿಂತಿದ್ದೇವೆ.

ಖರ್ಚಿನ ಪ್ರಶ್ನೆಗೆ ಉತ್ತರ ಚಿಕ್ಕದು. ಒಲಿಂಪಿಕ್ಸ್‌ನ ಪ್ರಸಾರ ಹಕ್ಕುಗಳಿಂದ ಬರುವ ಹಣದ ಒಂದು ಪಾಲು ಒಲಿಂಪಿಕ್ ಸಾಲಿಡಾರಿಟಿ ಎಂಬ ನಿಧಿಯ ಮೂಲಕ ರಾಷ್ಟ್ರೀಯ ಸಮಿತಿಗಳಿಗೆ ಹೋಗುತ್ತದೆ. 2021-24ರ ನಾಲ್ಕು ವರ್ಷಗಳಿಗೆ ಅದರ ಗಾತ್ರ 59 ಕೋಟಿ ಡಾಲರ್. ಕ್ರೀಡಾಪಟುಗಳಿಗೆ ವಿದ್ಯಾರ್ಥಿವೇತನ, ತರಬೇತುದಾರರ ಶಿಕ್ಷಣ, ಪ್ರಯಾಣದ ಸಹಾಯ ಇದರಲ್ಲಿ ಸೇರಿವೆ. ದೊಡ್ಡ ಸಮಿತಿಗೆ ಇದು ಆಯವ್ಯಯದ ಒಂದು ಸಾಲು, ತುವಾಲುವಿನಂಥ ಸಮಿತಿಗೆ ಬದುಕಿನ ಆಧಾರ.

ಹಾಗಾದರೆ ಭಾರತ ನಾಚಬೇಕಾಗಿಲ್ಲವೇ ಎಂದು ತಾವು ಮತ್ತೆ ಕೇಳಬಹುದು. ಸ್ಯಾನ್ ಮರಿನೊವನ್ನು ಕಂಡು ನಾಚಬೇಕಾಗಿಲ್ಲ. ಆ ಹೋಲಿಕೆಯಿಂದ ಕಲಿಯುವುದಕ್ಕೆ ಏನೂ ಸಿಗುವುದಿಲ್ಲ. ಉಜ್ಬೇಕಿಸ್ತಾನವನ್ನು ನೋಡಿದರೆ ಸಿಗುತ್ತದೆ. ಅದು ಪುಟ್ಟ ದೇಶವೂ ಅಲ್ಲ, ಶ್ರೀಮಂತ ದೇಶವೂ ಅಲ್ಲ. ಅದರ ಜನಸಂಖ್ಯೆ ಸುಮಾರು 3.6 ಕೋಟಿ, 2011ರಲ್ಲೇ 6.11 ಕೋಟಿ ಇದ್ದ ಕರ್ನಾಟಕಕ್ಕಿಂತ ಬಹಳ ಕಡಿಮೆ. ಪ್ಯಾರಿಸ್‌ನಲ್ಲಿ ಅದು ಗೆದ್ದದ್ದು 13 ಪದಕ, ಅವುಗಳಲ್ಲಿ 8 ಚಿನ್ನ. ಭಾರತಕ್ಕೆ ಬಂದದ್ದು ಒಂದು ಬೆಳ್ಳಿ, ಐದು ಕಂಚು. ಆ ಎಂಟು ಚಿನ್ನಗಳಲ್ಲಿ ಐದು ಬಾಕ್ಸಿಂಗ್‌ನವು, ಉಳಿದ ಮೂರು ಜೂಡೊ, ಟೇಕ್ವಾಂಡೊ, ಕುಸ್ತಿಗಳವು. ನಾಲ್ಕೂ ಒಬ್ಬರನ್ನೊಬ್ಬರು ಎದುರಿಸುವ, ತೂಕದ ವಿಭಾಗಗಳಿರುವ, ದುಬಾರಿ ಸಲಕರಣೆ ಬೇಡದ ಆಟಗಳು. ಅಂಥ ಆಟಗಳಲ್ಲಿ ನಮ್ಮಲ್ಲಿಯೂ ಪರಂಪರೆಯಿದೆ, ಆದರೆ ಅದು ಹರಿಯಾಣದ ಕೆಲವು ಜಿಲ್ಲೆಗಳಲ್ಲಿ, ಮಣಿಪುರದಲ್ಲಿ, ಮಹಾರಾಷ್ಟ್ರದ ಕೊಲ್ಹಾಪುರದ ಕಡೆ, ನಮ್ಮ ಬೆಳಗಾವಿ, ಧಾರವಾಡ, ದಾವಣಗೆರೆಗಳ ಗರಡಿಮನೆಗಳಲ್ಲಿ ಚದುರಿ ನಿಂತಿದೆ. ಗರಡಿಯ ಮಣ್ಣಿನಿಂದ ಒಲಿಂಪಿಕ್ ಮ್ಯಾಟಿಗೆ ಹುಡುಗರನ್ನು ದಾಟಿಸುವ ಕೆಲಸವನ್ನು ಹರಿಯಾಣ ಒಂದು ಮಟ್ಟಿಗೆ ಮಾಡಿಕೊಂಡಿತು, ದೀಪಕ್ ಟೋಕಿಯೊದ ಆ ಅಖಾಡದವರೆಗೆ ಬಂದದ್ದು ಅದರಿಂದಲೇ. ಉತ್ತರ ಕರ್ನಾಟಕದ ಗರಡಿಗಳಲ್ಲಿ ಅದು ಏಕೆ ಆಗಲಿಲ್ಲ ಎಂಬ ಪ್ರಶ್ನೆಯನ್ನು ಕೇಳಬೇಕಾದದ್ದು ನಮ್ಮ ಕುಸ್ತಿ ಸಂಘಗಳಿಗೂ ಕ್ರೀಡಾ ಇಲಾಖೆಗೂ.